ದಯೆಯ ದಿನಚರಿ

ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲುಂಟು. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದದ್ದು, ಕ್ರಿ.ಶ. 949-50ರ ಕಾಲದ್ದು. ದೊರೆಗಳ ಬಿರುದುಗಳನ್ನೂ ಒಂದು ಮಹಾಯುದ್ಧದ ವಾರ್ತೆಯನ್ನೂ ಹೊತ್ತಿರುವ ಈ ಶಾಸನದಲ್ಲಿ ಶಿಲ್ಪಿಯು ಕಡೆದಿರುವುದು, ಕಾಡುಹಂದಿಯೊಡನೆ ಸೆಣಸುತ್ತಿರುವ ಒಂದು ನಾಯಿಯ ಚಿತ್ರವನ್ನು. ಆ ನಾಯಿಯ ಹೆಸರು ಕಾಳಿ. ನಮ್ಮ ಜಿಲ್ಲೆಯ ಮಳಖೇಡದಿಂದ, ಎಂದರೆ ಅಂದಿನ ಮಾನ್ಯಖೇಟದಿಂದ, ಆಳುತ್ತಿದ್ದ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದಾಗ, ಅವನ ಪಕ್ಷದಲ್ಲಿ ಕಾದಿದ ಗಂಗರ ಬೂತುಗನ ಬಳಿ ಮಣಲೆರನೆಂಬ ವೀರನಿದ್ದನು. ಅವನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಏನು ಬೇಕೆಂದು ಕೇಳಿದಾಗ ಮಣಲೆರನು ಬೇಡಿದ್ದು ಈ ಕಾಳಿಯನ್ನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿಯು ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆಂದು ಕೆರೆಯ ಕೆಳಗೆ ಭೂಮಿಯನ್ನು ಬಿಟ್ಟರು.

ಇಷ್ಟನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ನನ್ನ ಮನಸ್ಸನ್ನು ಸೆಳೆದದ್ದು ಶಾಸನದ ಕೊನೆಯ ಕಟ್ಟಳೆ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪವು ಅವನಿಗೆ ತಟ್ಟುವುದೆಂದು ಅಲ್ಲಿ ವಿಧಿಸಿದೆ. ನಾಯಿಯ ಮೇಲಣ ಪ್ರೀತಿಯನ್ನು ಬರೇ ಕಣ್ಣೀರಿಗೆ ಬಿಡದೆ, ದಿನವೂ ಉಣ್ಣುವ ಮುನ್ನ ಮಾಡಲೇಬೇಕಾದ ಒಂದು ಕೆಲಸಕ್ಕೆ ಕಟ್ಟಿಹಾಕಿದ ಆ ಹಿರಿಯರ ವಿವೇಕ ಎಷ್ಟು ದೊಡ್ಡದೆಂಬುದು ಶಾಸನವನ್ನು ಪಾಠ ಹೇಳುತ್ತಿದ್ದ ಮೂವತ್ತು ವರ್ಷಗಳಲ್ಲಿ ನನಗೆ ಹೊಳೆಯಲಿಲ್ಲ. ನಿವೃತ್ತನಾದ ಮೇಲೆ, ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯ ಒಂದು ಹೊಲದ ಮೂಲೆಯಲ್ಲಿ, ಕೈಯಲ್ಲಿ ಕಸಬರಿಗೆ ಹಿಡಿದು ನಿಂತಾಗ ಹೊಳೆಯಿತು.

ಆ ಹೊಲ ಗೆಳೆಯರೊಬ್ಬರದು. ತೊಗರಿಯ ಸಾಲುಗಳ ಆಚೆ, ಬೇವಿನ ಮರದ ಕೆಳಗೆ, ತಗಡಿನ ಛಾವಣಿ, ಸುತ್ತ ತಂತಿಯ ಜಾಲರಿ, ನೆಲಕ್ಕೆ ಶಹಾಬಾದಿನ ಫರಸಿಕಲ್ಲು. ರಸ್ತೆಯಲ್ಲಿ ವಾಹನ ಬಡಿದು ಕಾಲು ಮುರಿದವು, ಕಣ್ಣು ಕಳೆದುಕೊಂಡವು, ತಾಯಿಯನ್ನು ಕಳೆದುಕೊಂಡ ಮರಿಗಳು, ಹೀಗೆ ಇಪ್ಪತ್ತೈದರ ಆಸುಪಾಸು ನಾಯಿಗಳು ಅಲ್ಲಿವೆ. ಆ ತಾಣಕ್ಕೆ ಹೆಸರಿಲ್ಲ, ಫಲಕವಿಲ್ಲ. ನಗರದ ಕಾಲೇಜುಗಳ ಕೆಲವು ಹುಡುಗ ಹುಡುಗಿಯರು ಸರದಿಯ ಮೇಲೆ ಬಂದು ದುಡಿದು ಹೋಗುತ್ತಾರೆ. ಅವರೆಲ್ಲರ ಮೇಲೆ ಅಧಿಕಾರಿ ಒಬ್ಬ ಮುದುಕಿ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಾರೆ.

ನಾನು ಅಲ್ಲಿಗೆ ಹೋಗುವಂತಾದುದಕ್ಕೆ ಒಂದು ಹಳೆಯ ಕಾರಣವಿದೆ; ಅದನ್ನು ಹೇಳದೆ ಮುಂದಿನ ಮಾತು ಅರ್ಥವಾಗದು.

ನಾನು ಹುಟ್ಟಿ ಬೆಳೆದದ್ದು ಕಮಲಾಪುರದಲ್ಲಿ. ಅರ್ಧ ಶತಮಾನದ ಹಿಂದೆ, ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೆಳೆಯನಿಗೆ ಬೀದಿಯ ಮರಿಯೊಂದು ಅಂಗೈಗೆ ಹಲ್ಲು ತಾಗಿಸಿತು. ನೆತ್ತರು ಎರಡು ಹನಿ ಬಂದಿರಬಹುದು. ಮನೆಯವರು ಖಾರದ ಪುಡಿಯನ್ನೂ ಸುಣ್ಣವನ್ನೂ ಹಚ್ಚಿದರು. ಮಂತ್ರಿಸಿದ ದಾರ ಕಟ್ಟಿಸಿದರು. ಆಸ್ಪತ್ರೆಯ ಮಾತು ಬಂದಾಗ ಹುಡುಗನು ಚೀರಾಡಿದನು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಭಯ ಅಂದು ನಾಯಿಯ ಭಯಕ್ಕಿಂತ ದೊಡ್ಡದಾಗಿತ್ತು. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ಕೈಬಿಟ್ಟದ್ದು 2004ರ ವೇಳೆಗೆ. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಗೆಳೆಯನು ಶಾಲೆಗೆ ಬರಲಿಲ್ಲ. ತಂಬಿಗೆಯ ನೀರನ್ನು ಕಂಡರೆ ಅವನ ಗಂಟಲು ಸೆಟೆಯುತ್ತದೆಂದು ಊರಲ್ಲಿ ಮಾತಾಡಿಕೊಂಡರು. ನಾಲ್ಕನೆಯ ದಿನಕ್ಕೆ ಅವನು ತೀರಿಹೋದನು.

ಮರುದಿನ ಮುಂಜಾನೆ ಊರಿನ ಗಂಡಸರು ಬಡಿಗೆ ಹಿಡಿದು ಹೊರಟು ಓಣಿಯ ನಾಯಿಗಳನ್ನೆಲ್ಲ ಹೊಡೆದು ಕೊಂದರು. ಅದರಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಮಲಗುತ್ತಿದ್ದ ಕೆಂಚನೂ ಒಬ್ಬ. ಕೆಂಚನು ಯಾರನ್ನೂ ಕಚ್ಚಿದವನಲ್ಲ. ಬಡಿಗೆ ಕಂಡು ಅವನು ಓಡಿಬಂದದ್ದು ನನ್ನ ಕಡೆಗೆ. ನಾನು ಕದ ಮುಚ್ಚಿದೆನು.

ಗೆಳೆಯನ ಸಾವಿನ ಭಯವೂ ಕೆಂಚನಿಗೆ ಕದ ಮುಚ್ಚಿದ ನಾಚಿಕೆಯೂ ಐವತ್ತು ವರ್ಷ ನನ್ನೊಳಗೆ ಒಟ್ಟೊಟ್ಟಿಗೆ ಬಾಳಿದವು. ನಾಯಿಯನ್ನು ಕಂಡರೆ ದಾರಿ ಬಿಟ್ಟು ನಡೆದೆನು. ಯಾರಾದರೂ ನಾಯಿಗೆ ಕಲ್ಲೆಸೆದರೆ ಅಂದು ಅನ್ನ ಸೇರುತ್ತಿರಲಿಲ್ಲ. ಹೊಲದ ಗೆಳೆಯರು ಕರೆದಾಗ ನಾನು ಹೋದದ್ದು ಈ ಎರಡರಲ್ಲಿ ಯಾವುದು ಗೆಲ್ಲುವುದೋ ನೋಡೋಣವೆಂದು. ಎರಡೂ ಸೋಲಬೇಕಾಗಿಲ್ಲವೆಂಬುದನ್ನು ಕಲಿಸಿದವಳು ಆಯಿ.

ಮೊದಲ ದಿನ ಆಕೆ ನನ್ನನ್ನು ಒಳಗೇ ಬಿಡಲಿಲ್ಲ. "ಸೂಜಿ ತೊಗೊಂಡು ಬರ್ರಿ ಮಾಸ್ತರ್ರೆ, ಆಮ್ಯಾಲ ನಾಯಿ ಮುಟ್ಟೂದು" ಎಂದಳು. ನಾಯಿಗಳ ನಡುವೆ ದುಡಿಯುವವರು ಕಚ್ಚಿಸಿಕೊಳ್ಳುವ ಮುನ್ನವೇ ರೇಬೀಸ್ ಲಸಿಕೆ ಪಡೆದಿರಬೇಕು. ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿದರೆ ಏಳನೆಯ ದಿನ ಒಂದು, ಇಪ್ಪತ್ತೊಂದು ಅಥವಾ ಇಪ್ಪತ್ತೆಂಟನೆಯ ದಿನ ಮತ್ತೊಂದು; ಅದೂ ತೋಳಿಗೆ. ಧನುರ್ವಾತದ ಚುಚ್ಚುಮದ್ದು ಬೇರೆ. ಬಾಲ್ಯದ ಭೂತವು ಮೂರು ಸಣ್ಣ ಸೂಜಿಗಳಲ್ಲಿ ಮುಗಿದುಹೋದಾಗ ನನಗೆ ಸಂತೋಷವಾಗುವುದರ ಬದಲು ಅಳು ಬಂದಿತು.

ಅಲ್ಲಿಯ ದಿನಚರಿ ಸೂರ್ಯೋದಯಕ್ಕೆ ಮೊದಲೇ ತೊಡಗುತ್ತದೆ. ನಮ್ಮ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ಬಂದವರು ಮೊದಲು ಮಾಡುವ ಕೆಲಸ ಎಣಿಸುವುದು. "ಹೊರಗ ನಿಂತು ಎಣಸ್ರಿ. ಯಾವ್ದು ಎದ್ದಿಲ್ಲ, ಯಾವ್ದು ಮೂಲ್ಯಾಗ ಕುಂತದ, ನೋಡಿ ಆಮ್ಯಾಲ ಕದಾ ತೆಗೀರಿ" ಎಂಬುದು ಆಯಿಯ ಶಾಸನ. ನಿನ್ನೆ ಕುಣಿಯುತ್ತಿದ್ದ ನಾಯಿ ಇಂದು ಮುದುಡಿ ಕುಳಿತಿದ್ದರೆ ಅದಕ್ಕೆ ಜ್ವರವೋ ಜಗಳದ ಗಾಯವೋ ಇರಬೇಕು. ನೋವಿನಲ್ಲಿರುವ ನಾಯಿ ಗೆಳೆಯನನ್ನೂ ಕಚ್ಚೀತು. ಕದಗಳು ಎರಡು. ಹೊರಗಿನದನ್ನು ಮುಚ್ಚಿ ಅಗುಳಿ ಹಾಕಿದ ಮೇಲೆಯೇ ಒಳಗಿನದನ್ನು ತೆರೆಯತಕ್ಕದ್ದು. ಒಬ್ಬರೇ ಒಳಹೋಗುವಂತಿಲ್ಲ.

ಆಮೇಲೆ ಕಸಬರಿಗೆಯ ಕೆಲಸ. ಅದಕ್ಕೂ ಒಂದು ಕ್ರಮವುಂಟು. ಆರೋಗ್ಯವಂತ ಮರಿಗಳ ಕೋಣೆ ಮೊದಲು, ದೊಡ್ಡ ನಾಯಿಗಳದು ಆಮೇಲೆ, ರೋಗಿಗಳದು ಕಟ್ಟಕಡೆಗೆ. ಹೊಸದಾಗಿ ಬಂದ ನಾಯಿಗಳು ಮೊದಲ ಎರಡು ವಾರ ದೂರದ ಬೇರೆ ಕೋಣೆಯಲ್ಲಿರುತ್ತವೆ. ಅಲ್ಲಿಯ ಬಟ್ಟಲೂ ಬೂಟೂ ಬೇರೆ. ಮರಿಗಳಿಗೆ ರಕ್ತಭೇದಿ ತಂದು ಕೊಲ್ಲುವ ಪಾರ್ವೋ ಎಂಬ ವಿಷಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಿಸಬಲ್ಲದು. ಪ್ರೀತಿಯಿಂದ ಎತ್ತಿಕೊಂಡವನ ಅಂಗಿಯ ಮೇಲೆ ಸವಾರಿ ಮಾಡಿ ಮುಂದಿನ ಕೋಣೆಗೆ ಹೋಗಬಲ್ಲದು. ಫಿನಾಯಿಲಿನ ಪರಿಮಳ ನಮ್ಮ ಮೂಗಿಗೆ ಸಮಾಧಾನ ಕೊಡಬಹುದು. ಪಾರ್ವೋವನ್ನು ಕೊಲ್ಲುವುದು ಬ್ಲೀಚಿಂಗ್ ಪುಡಿಯ ನೀರು. ಅದೂ ಹೊಲಸನ್ನೆಲ್ಲ ಮೊದಲು ಬಳಿದು ತೊಳೆದಿದ್ದರೆ ಮಾತ್ರ. ನಾಯಿಯ ಉಚ್ಚೆಯಿಂದ ಹರಡುವ ಇಲಿಜ್ವರ, ಮೈಗೆ ಅಂಟುವ ಕಜ್ಜಿ, ಹುಳುಕಡ್ಡಿ ಇವು ನಮಗೂ ಬರತಕ್ಕವು. ಆದುದರಿಂದ ಗಂಬೂಟು, ರಬ್ಬರಿನ ಕೈಗವಸು, ಕೊನೆಯಲ್ಲಿ ಸಾಬೂನು.

ಊಟದ ಹೊತ್ತೇ ಅಪಾಯದ ಹೊತ್ತು. ಬಟ್ಟಲುಗಳನ್ನು ದೂರದೂರ ಇಡಬೇಕು. ಉಣ್ಣುವ ನಾಯಿಯನ್ನು ಮುಟ್ಟಬಾರದು. ತೆಗೆಯಬೇಕಾದ ಬಟ್ಟಲನ್ನು ಅದು ಬಿಟ್ಟುಹೋದ ಮೇಲೆಯೇ ತೆಗೆಯಬೇಕು. ಜೋಳದ ನುಚ್ಚು, ಅನ್ನ, ತತ್ತಿ ಸಲ್ಲುತ್ತವೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ ನಾಯಿಗೆ ವಿಷ. ಮದುವೆ ಮನೆಯ ಉಳಿದ ಅಡಿಗೆಯನ್ನು ಪುಣ್ಯವೆಂದು ತಂದು ಸುರಿಯುವವರನ್ನು ಆಯಿ ಕೈಮುಗಿದು ಹಿಂದಕ್ಕೆ ಕಳಿಸುತ್ತಾಳೆ. ಎರಡು ನಾಯಿಗಳು ಕಾದಾಡತೊಡಗಿದರೆ ನಡುವೆ ಕೈ ಹಾಕಿದವನಿಗೇ ಗಾಯ ನಿಶ್ಚಯ. ಒಂದು ಕೊಡ ನೀರು ಎರಚಬೇಕು, ಇಲ್ಲವೆ ಡಬ್ಬಿ ಬಡಿಯಬೇಕು, ನಡುವೆ ಹಲಗೆಯನ್ನು ನೂಕಬೇಕು.

ಎಲ್ಲಕ್ಕಿಂತ ಕಷ್ಟದ ಪಾಠ ನಾಯಿಯ ಭಾಷೆ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಸ್ನೇಹವೆಂದು ತಿಳಿಯಬಾರದು. ಮೈ ಬಿಗಿದು ಬಾಲ ನೆಟ್ಟಗೆ ನಿಂತು ಅಲ್ಲಾಡಿದರೆ ಅದು ಎಚ್ಚರಿಕೆ. ನಿದ್ದೆಯಿಲ್ಲದ ಆಕಳಿಕೆ, ಹಸಿವಿಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಇವೆಲ್ಲ 'ದೂರ ಇರು' ಎಂಬ ಬಿನ್ನಹಗಳು. ಎದುರಿಗೆ ನಿಂತು ದಿಟ್ಟಿಸುವುದು, ಬಾಗಿ ಅಪ್ಪಿಕೊಳ್ಳುವುದು, ಬೆನ್ನು ತೋರಿಸಿ ಓಡುವುದು ಈ ಮೂರನ್ನೂ ಮಾಡಬಾರದು. ಒಮ್ಮೆ ನನ್ನನ್ನು ಕಂಡು ಗುರುಗುಟ್ಟಿದ ನಾಯಿಯ ಮೇಲೆ ನಾನು ಕೈಯೆತ್ತಿದೆನು. ಆಯಿ ತಡೆದಳು. "ಗುರ್ ಅನ್ನೂದು ಅದರ ಮಾತದ ರೀ. ಮಾತಾಡೋ ಬಾಯಿಗಿ ಹೊಡೀಬಾರ್ದು. ಹೊಡುದ್ರ ಮಾತ ಬಿಟ್ಟು ಸೀದಾ ಕಡೀತದ."

ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನು ನಾನು; ಈ ಮಾತು ನನಗೆ ಮೂವತ್ತು ವರ್ಷ ತಡವಾಗಿ ಸಿಕ್ಕಿತು.

ಆ ದಿನಚರಿಗೆ ಪರೀಕ್ಷೆಯ ದಿನವೂ ಬಂದಿತು. ಕಮಲಾಪುರದ ಕಡೆಯ ರೈತನೊಬ್ಬನು ತನ್ನ ನಾಯಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದನು. ಅದರ ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು, ಬೊಗಳಲು ಹೋದರೆ ಒಡಕು ಸ್ವರ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದೂ, ತಾನೇ ಎರಡು ಸಲ ಕೈಹಾಕಿ ನೋಡಿದೆನೆಂದೂ ಅವನು ಹೇಳಿದನು. ನಾಯಿ ಸಾಧುವಾಗಿ ಮಲಗಿತ್ತು. ಕಾಲೇಜಿನ ಹುಡುಗನೊಬ್ಬನು ಅದನ್ನು ಇಳಿಸಿಕೊಂಡು, ಕನಿಕರದಿಂದ ಬಾಯಿ ತೆರೆಯಲು ಬಾಗಿದನು. "ಕೈ ಹಾಕಬ್ಯಾಡಪ್ಪಾ! ಎಲುಬಲ್ಲ ಅದು!" ಎಂದು ಆಯಿ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ರೇಬೀಸ್ ಎಂದರೆ ಹುಚ್ಚೆದ್ದು ಅಟ್ಟಿಸಿಕೊಂಡು ಬರುವ ನಾಯಿಯೆಂದು ನಾವು ತಿಳಿದಿದ್ದೇವೆ. ಈ ರೋಗಕ್ಕೆ ಮೂಕರೂಪವೂ ಒಂದುಂಟು. ದವಡೆಯ ಸ್ನಾಯುಗಳು ಲಕ್ವ ಹೊಡೆದಂತಾಗಿ, ನಾಯಿ ಸುಮ್ಮನೆ ಬಿದ್ದಿರುತ್ತದೆ. ಎಲುಬು ಸಿಕ್ಕಿದೆಯೆಂದು ಬಾಯಲ್ಲಿ ಕೈಯಿಟ್ಟವರು ಎಷ್ಟೋ ಮಂದಿ. ಪಶುವೈದ್ಯರು ಬಂದು ನೋಡಿ, ರೇಬೀಸ್ ಎಂದೇ ತಿಳಿದು ನಡೆದುಕೊಳ್ಳಿರೆಂದರು. ನಾಯಿಯನ್ನು ಪ್ರತ್ಯೇಕ ಗೂಡಿನಲ್ಲಿರಿಸಿದರು. ಮೂರನೆಯ ದಿನ ಅದು ಸತ್ತಿತು.

ಆದರೆ ಆಯಿ ವೈದ್ಯರ ಮಾತಿಗಾಗಿ ಕಾದಿರಲಿಲ್ಲ. ಹುಡುಗನ ಮುಂಗೈಯಲ್ಲಿ ಹಳೆಯ ಗೀರಿತ್ತು, ಅದರ ಮೇಲೆ ಜೊಲ್ಲು ಬಿದ್ದಿತ್ತು. ರೈತನ ಬೆರಳಲ್ಲಿ ಹಲ್ಲು ತರಚಿದ ಗಾಯವಿತ್ತು. ಇಬ್ಬರನ್ನೂ ನಲ್ಲಿಯ ಕೆಳಗೆ ನಿಲ್ಲಿಸಿ, ಸಾಬೂನು ಕೊಟ್ಟು, ಗಡಿಯಾರ ನೋಡುತ್ತ ಪೂರ್ತಿ ಹದಿನೈದು ನಿಮಿಷ ತೊಳೆಯಿಸಿದಳು. ಹದಿನೈದು ನಿಮಿಷವೆಂದರೆ ಎಷ್ಟು ದೀರ್ಘವೆಂಬುದು ತೊಳೆದವರಿಗೇ ಗೊತ್ತು. ಇಷ್ಟು ಅಗ್ಗದ, ಇಷ್ಟು ಬಲವಾದ ಔಷಧ ಇನ್ನೊಂದಿಲ್ಲ. ಖಾರ, ಸುಣ್ಣ, ಅರಿಸಿನ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು.

ತೊಳೆದಾದ ಮೇಲೆ ರೈತನು, ಹೊಲದಲ್ಲಿ ಆಳುಗಳಿದ್ದಾರೆ, ನಾಳೆ ನೋಡಿದರಾಯಿತೆಂದು ಹೊರಟನು. ನನ್ನ ಮೈಯಲ್ಲಿ ಏನು ಸಂಚರಿಸಿತೋ ತಿಳಿಯದು. ಅವನ ತೋಳು ಹಿಡಿದು, ನನ್ನ ಗೆಳೆಯನ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆನು. ಅವನೇನೂ ಮಾತಾಡಲಿಲ್ಲ. ಅದೇ ಟೆಂಪೋದಲ್ಲಿ ನಾವು ಮೂವರೂ ಕಲಬುರಗಿಯ ಸರಕಾರಿ ಆಸ್ಪತ್ರೆಗೆ ಹೋದೆವು.

ಅಲ್ಲಿ ಕಂಡ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹುಡುಗನು ಮೊದಲೇ ಲಸಿಕೆ ಪಡೆದವನು. ಅವನಿಗೆ ಅಂದು ಒಂದು, ಮೂರನೆಯ ದಿನ ಒಂದು, ಎರಡರಲ್ಲಿ ಮುಗಿಯಿತು. ರೈತನಿಗೆ ಗಾಯದ ಸುತ್ತ ಪ್ರತಿವಿಷದ ಚುಚ್ಚುಮದ್ದು ಕೊಟ್ಟು, ಅಂದು, ಮೂರು, ಏಳು, ಇಪ್ಪತ್ತೆಂಟನೆಯ ದಿನಗಳಂದು ಲಸಿಕೆ ಹಾಕಿದರು. ಅವನು ಒಂದನ್ನೂ ತಪ್ಪಿಸಲಿಲ್ಲ. ತಪ್ಪಿಸದಂತೆ ನಾನು ಬಿಡಲೂ ಇಲ್ಲ. ರೋಗದ ಲಕ್ಷಣ ತೋರಿದ ಮೇಲೆ ಈ ಕಾಯಿಲೆಗೆ ಮದ್ದಿಲ್ಲ. ತೋರುವ ಮುನ್ನ, ಪೂರ್ತಿ ಚಿಕಿತ್ಸೆ ಪಡೆದವನಿಗೆ ಭಯವಿಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆಂಬುದು ನಿಜ. ಆದರೆ ಆ ಹತ್ತು ದಿನ ಚಿಕಿತ್ಸೆಯನ್ನು ತಡೆದಿರಿಸಬೇಕೆಂದು ಅದರ ಅರ್ಥವಲ್ಲ. ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರನೆಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಲಸಿಕೆ ಕೊಡಿಸಿದ್ದು 1885ರ ಜುಲೈ 6ರಂದು. ನನ್ನ ಗೆಳೆಯನಿಗೂ ಒಂಬತ್ತೇ ವರ್ಷ. ಅವನನ್ನು ಕೊಂದದ್ದು ಆ ಮರಿಯೊಂದೇ ಅಲ್ಲ. ನಮಗೆ ಗೊತ್ತಿಲ್ಲದ ಹದಿನೈದು ನಿಮಿಷಗಳೂ, ನಾವು ಹೋಗದ ಹತ್ತು ಹರದಾರಿಯೂ ಕೊಂದವು.

ಈಗ ಈ ಮಾತುಗಳನ್ನು ಬರೆಯುವುದಕ್ಕೆ ಇನ್ನೊಂದು ಕಾರಣವುಂಟು. 2025ನೆಯ ಇಸವಿಯಲ್ಲಿ ಬೀದಿನಾಯಿಗಳ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಹಿಡಿದ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು, ರೇಬೀಸ್ ಶಂಕೆಯವನ್ನೂ ಆಕ್ರಮಣಶೀಲವಾದವನ್ನೂ ಬಿಡಬಾರದು ಎಂದು ಆಗಸ್ಟ್ 22ರ ಆದೇಶ ಹೇಳಿತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಬೇಕು, ಮರಳಿ ಅಲ್ಲಿಗೇ ತಂದು ಬಿಡಬಾರದು ಎಂದು ನವೆಂಬರ್ 7ರ ಆದೇಶ ಹೇಳಿತು. ಅಂದಿನಿಂದ ನಾಯಿಪ್ರಿಯರೂ ನಾಯಿಗಂಜುವವರೂ ಪರಸ್ಪರ ವೈರಿಗಳಂತೆ ವಾದಿಸಿದ್ದನ್ನು ಓದುಗರು ಬಲ್ಲರು. ಮಗುವನ್ನು ಶಾಲೆಗೆ ಕಳಿಸುವ ತಾಯಿಯ ಭಯ ಹುಸಿಯಲ್ಲ. ಆ ಭಯದ ಫಲವನ್ನು ನಾನು ಪಕ್ಕದ ಖಾಲಿ ಜಾಗದಲ್ಲಿ ಕಂಡವನು. ಬಡಿಗೆಯಿಂದ ಆ ಭಯ ಹೋಗದೆಂಬುದನ್ನೂ ಕಂಡವನು. ಕಮಲಾಪುರದ ನಾಯಿಗಳನ್ನೆಲ್ಲ ಕೊಂದ ಮರುವರ್ಷವೇ ಓಣಿಯಲ್ಲಿ ಹೊಸ ನಾಯಿಗಳು ಬಂದು ತುಂಬಿದ್ದವು, ಒಂದಕ್ಕೂ ಲಸಿಕೆಯಿಲ್ಲದೆ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ವರ್ಷವರ್ಷವೂ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದರೆ ಆದೇಶದಿಂದ ನೆಲ ತಾನಾಗಿ ತೊಳೆದುಕೊಳ್ಳುವುದಿಲ್ಲ. ಆಶ್ರಯತಾಣವೆಂಬುದು ನಾಲ್ಕು ಗೋಡೆಗಳ ಹೆಸರಲ್ಲ. ಅಲ್ಲಿ ಮುಂಜಾನೆ ಯಾರು ಎಣಿಸುತ್ತಾರೆ, ಯಾರು ಅಗುಳಿ ಹಾಕುತ್ತಾರೆ, ಯಾರು ಬಟ್ಟಲು ಬೆಳಗುತ್ತಾರೆ ಎಂಬುದೇ ಅದರ ಜೀವಾಳ. ಆ ಕೈಗಳಿಲ್ಲದಿದ್ದರೆ ಅದು ರೋಗದ ಕೊಂಪೆಯಾದೀತು. ಆ ಕೈಗಳು ಎಚ್ಚರ ತಪ್ಪಿದರೆ ದಯೆಯೇ ಕೊಲೆಗಾರನಾದೀತು. ಗಾಣಗಾಪುರದ ದತ್ತನ ಪಟದಲ್ಲಿ ನಾಲ್ಕು ನಾಯಿಗಳನ್ನು ವೇದಗಳೆಂದು ಕೈಮುಗಿಯುವ ಸೀಮೆ ನಮ್ಮದು. ಮೈಲಾರನ ಹೆಸರಲ್ಲಿ ನಾಯಿಯಂತೆ ಬೊಗಳಿ ಭಂಡಾರ ಹಚ್ಚಿಕೊಳ್ಳುವ ಭಕ್ತರ ಸೀಮೆ. ಶರಣಬಸವೇಶ್ವರರ ದಾಸೋಹದ ಸೀಮೆ. ಪಟದ ನಾಯಿಗೆ ಹೂವು, ಬೀದಿಯ ನಾಯಿಗೆ ಕಲ್ಲು ಎಂಬ ನಮ್ಮ ನಡತೆಗೆ ನಡುವಣ ದಾರಿಯೊಂದು ಬೇಕಾಗಿದೆ. ಅದು ಹೂವಿಗಿಂತ ಬಹಳ ಬೇಸರದ ದಾರಿ. ಕಸಬರಿಗೆಯ, ಸಾಬೂನಿನ, ದಿನಚರಿ ಪುಸ್ತಕದ ದಾರಿ. ಕಾಲೇಜುಗಳ ತರುಣರು ಆ ದಾರಿಗೆ ಬರಲಿ, ಅಧ್ಯಾಪಕರು ಕಳಿಸಲಿ. ಮೊದಲು ಲಸಿಕೆ ಹಾಕಿಸಿ ಕಳಿಸಲಿ.

ತಿಂಗಳ ಹಿಂದೆ ಆ ರೈತನು ಮತ್ತೆ ಬಂದಿದ್ದನು. ಹೆಗಲ ಮೇಲೆ ಕಮಲಾಪುರದ ಕೆಂಬಾಳೆಯ ಗೊನೆ. "ನಾಯಿಗೋಳಿಗಿ ಅಲ್ಲ ಆಯಿ, ನಿಮಗ" ಎಂದು ನಕ್ಕನು. ಆಯಿ ಹಣ್ಣನ್ನು ಮುಟ್ಟಲಿಲ್ಲ. ಮೂಲೆಯ ಎರಡು ಬಟ್ಟಲುಗಳಿಗೆ ಇನ್ನೂ ಅನ್ನ ಬಿದ್ದಿರಲಿಲ್ಲ. ಹುಡುಗನೊಬ್ಬನು ಹಾಕಿ ಬಂದನು. ಕದ ಮುಚ್ಚಿದ ಸದ್ದು, ಅಗುಳಿಯ ಸದ್ದು ಕೇಳಿಸಿತು. ಆಮೇಲೆ ಆಕೆ ಕೈ ತೊಳೆದುಕೊಂಡು ಬಂದು ಹಣ್ಣು ಸುಲಿದಳು.

ಆತಕೂರಿನ ಕಲ್ಲನ್ನು ಆಯಿ ಕಂಡವಳಲ್ಲ. ಅದರ ಕೊನೆಯ ಸಾಲು ಮಾತ್ರ ಆಕೆಗೆ ದಿನವೂ ಬಾಯಿಪಾಠ.